ಹೆಸರಿನೊಳಗಿನ ಬಣ್ಣ ಓದುವುದು ಹೇಗೆ?

ಹೈಸ್ಕೂಲಿನಲ್ಲಿದ್ದಾಗ ನನಗೊಂದು ಗಟ್ಟಿ ನಂಬಿಕೆ ಇತ್ತು. ಎಲೆಯ ಕ್ಲೋರೋಫಿಲ್ ಒಳಗೆ ಕ್ಲೋರಿನ್ ಇದ್ದೇ ಇರುತ್ತದೆ ಎಂದು. ಹೆಸರೇ ಹೇಳುತ್ತಿದೆಯಲ್ಲ! ಪರೀಕ್ಷೆಯಲ್ಲೂ ಹಾಗೇ ಬರೆದೆ. ಕೆಂಪು ಇಂಕಿನ ಗೀಟು ಬಿತ್ತು. ಕ್ಲೋರೋಫಿಲ್ ಅಣುವಿನ ನಟ್ಟನಡುವೆ ಕೂತಿರುವುದು ಮೆಗ್ನೀಸಿಯಂ. ಕ್ಲೋರಿನ್ನಿನ ಒಂದೇ ಒಂದು ಪರಮಾಣುವೂ ಅದರಲ್ಲಿಲ್ಲ. ಎರಡಕ್ಕೂ ಇರುವ ನಂಟು ಬಣ್ಣದ್ದು ಮಾತ್ರ. ಗ್ರೀಕಿನಲ್ಲಿ ಖ್ಲೋರೋಸ್ ಎಂದರೆ ಹಳದಿ ಬೆರೆತ ತಿಳಿಹಸಿರು. ಎಲೆಗೂ ಅದೇ ಬಣ್ಣ, ಆ ಅನಿಲಕ್ಕೂ ಅದೇ ಬಣ್ಣ.

ವಿಜ್ಞಾನದ ಹೆಸರುಗಳಲ್ಲಿ ಹೀಗೆ ಬಣ್ಣ ಅಡಗಿ ಕೂತಿರುವುದು ಬಹಳ ಜಾಸ್ತಿ. ಪದದ ಮುಂದಿನ ಆ ತುಂಡನ್ನು, ಅಂದರೆ ಮುನ್ನೊಟ್ಟನ್ನು, ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಸ್ವಲ್ಪ ಕುತಂತ್ರದ್ದು. ಆ ಬಣ್ಣ ಯಾರಿಗೆ, ಎಲ್ಲಿ ಕಂಡಿತು ಎಂದು ಕೇಳಬೇಕು. ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತುಕೊಳ್ಳಿ.

ಹಂತ 1: ಮೊದಲು ಕನ್ನಡದಲ್ಲೇ ಕೈ ಪಳಗಿಸಿ

ಕೆಂದಾವರೆ, ಕಾರ್ಮೋಡ, ಹೊಂಬಿಸಿಲು, ಬೆಳದಿಂಗಳು. ಈ ನಾಲ್ಕು ಪದಗಳನ್ನು ಬರೆದು, ಬಣ್ಣದ ತುಂಡು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಗೆರೆ ಎಳೆಯಿರಿ. ಕೆಂ, ಕಾರ್, ಹೊಂ, ಬೆಳ್. ಗ್ರೀಕರೂ ಲ್ಯಾಟಿನ್ನಿನವರೂ ಮಾಡಿದ್ದು ಇದನ್ನೇ. ನಮಗೆ ಅವರ ತುಂಡುಗಳು ಹೊಸವು, ಅಷ್ಟೆ.

ಈಗ ಲೋಹಗಳಿಗೆ ಬನ್ನಿ. ಬೆಳ್ಳಿ ಎನ್ನುವುದರಲ್ಲಿ ಬೆಳ್ ಎದ್ದು ಕಾಣುತ್ತದೆ. ಸುವರ್ಣ ಎಂದರೆ ಒಳ್ಳೆಯ ಬಣ್ಣದ್ದು. ತಾಮ್ರ ಎಂಬ ಪದಕ್ಕೆ ಸಂಸ್ಕೃತದಲ್ಲಿ ಕಡುಗೆಂಪು ಎಂಬ ಅರ್ಥವೂ ಇದೆ. ಕಬ್ಬಿಣ ಇನ್ನೂ ಮಜವಾಗಿದೆ. ಕರ್ ಮತ್ತು ಪೊನ್ ಸೇರಿ ಆದ ಪದ ಅದು. ಪೊನ್ ಎಂದರೆ ಹೊನ್ನು, ಲೋಹ. ಅಂದರೆ ಕರಿಯ ಲೋಹ.

ಆದರೆ ಕಬ್ಬಿಣ ನಿಜಕ್ಕೂ ಕಪ್ಪೇ? ಉಜ್ಜಿ ನೋಡಿ. ಬೂದು ಮಿಶ್ರಿತ ಬೆಳ್ಳಿ ಬಣ್ಣ ಬರುತ್ತದೆ. ಕುಲುಮೆಯಲ್ಲಿ ಕಾದು ಹೊರಬಂದ ತುಂಡಿನ ಮೇಲೆ ಮಾತ್ರ ಕಪ್ಪು ಪದರ ಕಟ್ಟಿರುತ್ತದೆ. ಹೆಸರು ಹುಟ್ಟಿದ್ದು ಆ ಕಪ್ಪನ್ನು ನೋಡಿ. ಇದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಡಿ: ಹೆಸರಿನಲ್ಲಿರುವುದು ಹೆಸರಿಟ್ಟವರಿಗೆ ಕಂಡ ಬಣ್ಣ. ನಿಮ್ಮ ಕೈಯಲ್ಲಿರುವ ವಸ್ತುವಿನ ಬಣ್ಣ ಅದೇ ಇರಬೇಕೆಂದಿಲ್ಲ. ಮುಂದೆ ಪ್ರತಿ ಹೆಜ್ಜೆಗೂ ಇದು ಬೇಕಾಗುತ್ತದೆ.

ಹಂತ 2: ತುಂಡುಗಳನ್ನು ನೆನಪಿಗೆ ಕಟ್ಟಿಹಾಕಿ

ಪಟ್ಟಿ ಉರುಹೊಡೆಯುವುದು ನನಗೆ ಯಾವತ್ತೂ ಆಗಲಿಲ್ಲ. ಗೊತ್ತಿರುವ ಪದಕ್ಕೆ ಗಂಟು ಹಾಕಿದ್ದು ಮಾತ್ರ ಉಳಿಯಿತು.

ಹಸಿರಿಗೆ ಕ್ಲೋರೋ. ನಮ್ಮ ಪಠ್ಯಪುಸ್ತಕದಲ್ಲಿ ಕ್ಲೋರೋಫಿಲ್‌ಗೆ ಪತ್ರಹರಿತ್ತು ಎನ್ನುತ್ತಾರಲ್ಲ, ಅದು ತುಂಡಿಗೆ ತುಂಡು ಇಟ್ಟ ಹೆಸರು. ಫಿಲ್ ಎಂದರೆ ಪತ್ರ, ಕ್ಲೋರೋ ಎಂದರೆ ಹರಿತ್ತು. ಇನ್ನೊಂದು ಸೊಗಸು ಇದೆ. ಸಂಸ್ಕೃತದ ಹರಿ, ಹಿರಣ್ಯ ಮತ್ತು ಗ್ರೀಕಿನ ಖ್ಲೋರೋಸ್ ಒಂದೇ ಹಳೆಯ ಬೇರಿನಿಂದ ಬಂದವು. ಹಳದಿ, ಹಸಿರು, ಚಿನ್ನ ಮೂರೂ ಆ ಬೇರಿನ ಮಕ್ಕಳು.

ಕೆಂಪಿಗೆ ಎರಿತ್ರೋ. ಇದನ್ನು ರುಧಿರಕ್ಕೆ ಕಟ್ಟಿಹಾಕಿ. ಎರಡೂ ದಾಯಾದಿ ಪದಗಳು. ಎರಿತ್ರೋಸೈಟ್ ಎಂದರೆ ಕೆಂಪು ರಕ್ತಕಣ. ಲ್ಯಾಟಿನ್ನಿನ ರುಬ್ ಕೂಡ ಇದೇ ಮನೆತನ. ರೂಬಿ ಎಂದರೆ ಮಾಣಿಕ್ಯ, ರುಬೆಲ್ಲಾ ಎಂದರೆ ಕೆಂಪು ದದ್ದಿನ ಜ್ವರ.

ಬಿಳಿಗೆ ಗ್ರೀಕಿನ ಲ್ಯೂಕೋ, ಲ್ಯಾಟಿನ್ನಿನ ಆಲ್ಬ್. ಲ್ಯೂಕೋಸೈಟ್ ಬಿಳಿ ರಕ್ತಕಣ. ಆಲ್ಬಿನೋ, ಮೊಟ್ಟೆಯ ಬಿಳಿಯ ಆಲ್ಬುಮಿನ್ ಎರಡನೆಯ ಗುಂಪು. ಹೊಳೆಯುವ ಬಿಳಿ ಎನ್ನಬೇಕಾದಾಗ ಆರ್ಜೆಂಟ್ ಬರುತ್ತದೆ. ಬೆಳ್ಳಿಯ ಲ್ಯಾಟಿನ್ ಹೆಸರು ಆರ್ಜೆಂಟಮ್. ನಮ್ಮ ರಜತ ಅದರ ಸಂಬಂಧಿ. ಅರ್ಜುನ ಎಂಬ ಹೆಸರಿಗೂ ಬೆಳ್ಳಗೆ ಹೊಳೆಯುವವನು ಎಂದೇ ಅರ್ಥ.

ಕಪ್ಪಿಗೆ ಮೆಲನೋ ಮತ್ತು ನೈಗ್ರ್. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ನೆನಪಿಟ್ಟರೆ ಸಾಕು. ಹಳದಿಗೆ ಕ್ಸಾಂತೋ, ಫ್ಲಾವೋ, ಲೂಟಿಯೋ ಎಂದು ಮೂವರು. ವಿಟಮಿನ್ ಬಿ2 ಆದ ರೈಬೋಫ್ಲಾವಿನ್ ನುಂಗಿದ ದಿನ ಮೂತ್ರ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿದವರು ಫ್ಲಾವೋ ಮರೆಯುವುದಿಲ್ಲ. ಹೊನ್ನಿನ ಬಣ್ಣಕ್ಕೆ ಗ್ರೀಕಿನ ಕ್ರೈಸೋ, ಲ್ಯಾಟಿನ್ನಿನ ಆರ್. ಕ್ರೈಸಾಂತಿಮಮ್ ಎಂದರೆ ಹೊನ್ನ ಹೂವು, ನಾವು ಸೇವಂತಿಗೆ ಎನ್ನುವ ಹೂವಿನ ಜಾತಿ. ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆದಾಗ ಹೊಂಬಣ್ಣದ ಚುಕ್ಕಿಗಳಾಗಿ ಕಾಣುತ್ತದೆ.

ಉಳಿದವನ್ನು ಬೇಗ ಮುಗಿಸೋಣ. ಕಡುನೀಲಿಗೆ ಸಯನೋ. ಗುಲಾಬಿಗೆ ರೋಡೋ. ನೇರಿಳೆಗೆ ಅಯೋಡ್ ಮತ್ತು ಪಾರ್ಫಿರ್. ಬೂದಿಗೆ ಪೋಲಿಯೋ. ಬೂದು, ನೀಲಿ, ಹಸಿರು ಮೂರೂ ಕಲಸಿದಂತಿರುವ ಬಣ್ಣಕ್ಕೆ ಗ್ಲಾಕೋ, ಗ್ಲಾಕೋಮಾ ಎಂಬ ಕಣ್ಣಿನ ರೋಗದ ಹೆಸರಿನಲ್ಲಿ ಇರುವುದು ಅದೇ. ಬಣ್ಣ ಎಂಬುದಕ್ಕೇ ಕ್ರೋಮ್.

ಹಂತ 3: ಪದ ಯಾವ ಮನೆಯದು ಎಂದು ಕೇಳಿ

ನಾನು ಎಡವಿದ್ದು ಇಲ್ಲೇ. ಒಂದೇ ತುಂಡಿಗೆ ರಸಾಯನಶಾಸ್ತ್ರದ ಮನೆಯಲ್ಲಿ ಒಂದು ಅರ್ಥ, ಜೀವಶಾಸ್ತ್ರದ ಮನೆಯಲ್ಲಿ ಇನ್ನೊಂದು.

ರಾಸಾಯನಿಕದ ಬಾಟಲಿಯ ಮೇಲೆ ಕ್ಲೋರೋ ಎಂದಿದ್ದರೆ ಅದು ಬಣ್ಣದ ಮಾತಲ್ಲ, ಕ್ಲೋರಿನ್ ಇದೆ ಎಂಬ ಸೂಚನೆ. ಕ್ಲೋರೋಫಾರ್ಮ್‌ನ ಪ್ರತಿ ಅಣುವಿನಲ್ಲೂ ಮೂರು ಕ್ಲೋರಿನ್ ಪರಮಾಣುಗಳಿವೆ. ದ್ರವ ಮಾತ್ರ ನೀರಿನಂತೆ ಬಣ್ಣರಹಿತ. ಅದೇ ಗಿಡದ ಎಲೆ ಬಿಳುಚಿ ಹಳದಿಯಾಗುವ ಕ್ಲೋರೋಸಿಸ್‌ಗೆ ಕ್ಲೋರಿನ್ ಜೊತೆ ಸಂಬಂಧವೇ ಇಲ್ಲ. ಕಬ್ಬಿಣದ ಅಂಶ ಕಡಿಮೆಯಾದಾಗ ಹಾಗಾಗುವುದು ಹೆಚ್ಚು.

ಸಯನೋ ಕಥೆಗೆ ಸ್ವಲ್ಪ ತಿರುವು ಜಾಸ್ತಿ. 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್ನಿನಲ್ಲಿ ಒಂದು ಗಾಢ ನೀಲಿ ಬಣ್ಣ ಕೈಗೆ ಸಿಕ್ಕಿತು. ಅದು ಪ್ರಷ್ಯನ್ ಬ್ಲೂ. 1782ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಆ ನೀಲಿಯಿಂದ ಒಂದು ಆಮ್ಲ ತೆಗೆದರು. 1815ರಲ್ಲಿ ಫ್ರಾನ್ಸಿನ ಗೇ ಲುಸಾಕ್, ಅದರೊಳಗಿನ ಇಂಗಾಲ ಮತ್ತು ಸಾರಜನಕದ ಜೋಡಿಗೆ ನೀಲಿ ಹುಟ್ಟಿಸುವುದು ಎಂಬ ಅರ್ಥದಲ್ಲಿ ಸಯನೋಜನ್ ಎಂದು ಹೆಸರಿಟ್ಟರು. ಅಲ್ಲಿಂದ ಸಯನೈಡ್ ಬಂತು. ಪೊಟ್ಯಾಸಿಯಂ ಸಯನೈಡ್ ಹರಳುಗಳು ಅಪ್ಪಟ ಬಿಳಿ. ನೀಲಿ ಇದ್ದದ್ದು ಅದರ ತವರಿನಲ್ಲಿ. ವೈದ್ಯರು ಸಯನೋಸಿಸ್ ಎಂದರೆ ಆಮ್ಲಜನಕ ಸಾಲದೆ ತುಟಿ, ಉಗುರು ನೀಲಿಯಾಗಿದೆ ಎಂದರ್ಥ. ರೋಗಿ ಸಯನೈಡ್ ಕುಡಿದಿದ್ದಾನೆ ಎಂದಲ್ಲ, ಗಾಬರಿಯಾಗಬೇಡಿ.

ಮನೆ ಯಾವುದು ಎಂದು ಪತ್ತೆ ಮಾಡಲು ಪದದ ಹಿಂದಿನ ತುಂಡು ನೋಡಿ. ಸೈಟ್, ಫಿಲ್, ಪ್ಲಾಸ್ಟ್, ಓಸಿಸ್ ಎಂದು ಮುಗಿದರೆ ಜೀವಶಾಸ್ತ್ರದ್ದು, ಬಣ್ಣವನ್ನೇ ಹೇಳುತ್ತಿದೆ. ಈಥೇನ್, ಬೆಂಜೀನ್, ಆಮ್ಲ ಎಂದು ಮುಗಿದರೆ ಪ್ರಯೋಗಶಾಲೆಯದು, ಧಾತುವನ್ನು ಹೇಳುತ್ತಿದೆ. ಹತ್ತರಲ್ಲಿ ಎಂಟೊಂಬತ್ತು ಸಲ ಇದು ಕೈಕೊಡುವುದಿಲ್ಲ.

ಹಂತ 4: ಧಾತುವಿನ ಹೆಸರಿಗೆ ನಾಲ್ಕು ಪ್ರಶ್ನೆ ಹಾಕಿ

ನನಗೆ ತುಂಬ ಇಷ್ಟವಾದ ಹಂತ ಇದು. ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ. ಧಾತುವಿನ ಹೆಸರಿನಲ್ಲಿ ಬಣ್ಣ ಸಿಕ್ಕಿತು ಎಂದುಕೊಳ್ಳಿ. ಆ ಬಣ್ಣ ಕಂಡದ್ದು ಧಾತುವಿನ ಮೈಯಲ್ಲೋ, ಆವಿಯಲ್ಲೋ, ಲವಣದಲ್ಲೋ, ಇಲ್ಲಾ ಬೆಂಕಿಯಲ್ಲೋ ಎಂದು ಕೇಳಿ.

ಮೈಯಲ್ಲೇ ಕಂಡದ್ದು ಕ್ಲೋರಿನ್. ಶೀಲೆ ಅದನ್ನು 1774ರಲ್ಲೇ ತಯಾರಿಸಿದ್ದರು. ಅದು ಒಂದು ಧಾತು ಎಂದು ತೋರಿಸಿ 1810ರಲ್ಲಿ ಹೆಸರಿಟ್ಟವರು ಹಂಫ್ರಿ ಡೇವಿ. ಜಾಡಿಯಲ್ಲಿ ತುಂಬಿದರೆ ಹಳದಿ ಹಸಿರು ಕಣ್ಣಿಗೇ ಕಾಣುತ್ತದೆ. ಹೆಸರೂ ವಸ್ತುವೂ ಇಷ್ಟು ನೇರವಾಗಿ ಹೊಂದುವುದು ಅಪರೂಪ.

ಆವಿಯಲ್ಲಿ ಕಂಡದ್ದು ಅಯೋಡಿನ್. 1811ರಲ್ಲಿ ಫ್ರಾನ್ಸಿನ ಬೆರ್ನಾರ್ ಕುರ್ತ್ವಾ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪಿನ ಕೆಲಸದಲ್ಲಿದ್ದರು. ಕಡಲಕಳೆಯ ಬೂದಿಗೆ ಸಲ್ಫ್ಯೂರಿಕ್ ಆಮ್ಲ ಜಾಸ್ತಿ ಬಿತ್ತು. ನೇರಿಳೆ ಬಣ್ಣದ ಹೊಗೆ ಎದ್ದಿತು. ತಣ್ಣಗಾದಾಗ ಅದು ಕಪ್ಪಗೆ ಮಿರುಗುವ ಹರಳಾಯಿತು. ಹೆಸರು ಬಂದದ್ದು ಹೊಗೆಯಿಂದ, ಹರಳಿನಿಂದಲ್ಲ. ಹರಳನ್ನಷ್ಟೇ ನೋಡಿದವರಿಗೆ ಈ ಹೆಸರು ಒಗಟಾಗಿಯೇ ಉಳಿಯುತ್ತದೆ.

ಲವಣದಲ್ಲಿ ಬಣ್ಣ ಕಂಡ ಧಾತುಗಳು ದೊಡ್ಡ ಗುಂಪು. ವಿಲಿಯಂ ವೊಲಾಸ್ಟನ್ 1804ರಲ್ಲಿ ಹೆಸರಿಟ್ಟ ರೋಡಿಯಂ ಬೆಳ್ಳಿಯಂತೆ ಬಿಳಿ. ಆಭರಣಕ್ಕೆ ಬಿಳಿ ಹೊಳಪು ಬರಲಿ ಎಂದು ಅದರ ಲೇಪ ಕೊಡುತ್ತಾರೆ. ಗುಲಾಬಿ ಬಣ್ಣ ಇದ್ದದ್ದು ಅದರ ಲವಣದ ದ್ರಾವಣದಲ್ಲಿ. ಅದೇ ಹೊತ್ತಿನಲ್ಲಿ ಸ್ಮಿತ್ಸನ್ ಟೆನೆಂಟ್ ಕಂಡ ಇನ್ನೊಂದು ಲೋಹದ ಲವಣಗಳು ಒಂದೊಂದು ಸಲ ಒಂದೊಂದು ಬಣ್ಣ ತೋರಿದವು. ಅದಕ್ಕೆ ಗ್ರೀಕರ ಮಳೆಬಿಲ್ಲಿನ ದೇವತೆ ಐರಿಸ್ ಹೆಸರು ಹೊಂದಿಸಿ ಇರಿಡಿಯಂ ಎಂದರು. 1797ರಲ್ಲಿ ವೋಕ್ಲಾನ್ ಸೈಬೀರಿಯಾದ ಕೆಂಪು ಅದಿರಿನಲ್ಲಿ ಹೊಸ ಲೋಹ ಕಂಡರು. ಅದರ ಸಂಯುಕ್ತಗಳೆಲ್ಲ ಬಣ್ಣಬಣ್ಣ. ಹಾಗಾಗಿ ಅದು ಬರೀ ಬಣ್ಣ, ಅಂದರೆ ಕ್ರೋಮಿಯಂ. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಅದೇ ಕ್ರೋಮಿಯಂ ಕಾರಣ ಎಂದರೆ ನಂಬುವುದು ಕಷ್ಟ, ಅಲ್ವಾ? ಇನ್ನು ಪ್ರೇಸಿಯೋಡಿಮಿಯಂ ಎಂದರೆ ಹಸಿರು ಅವಳಿ. 1885ರಲ್ಲಿ ಆವರ್ ಫಾನ್ ವೆಲ್ಸ್‌ಬಾಕ್, ಒಂದೇ ಧಾತು ಎಂದುಕೊಂಡಿದ್ದ ಡಿಡಿಮಿಯಂ ಅನ್ನು ಎರಡಾಗಿ ಒಡೆದರು. ಹಸಿರು ಲವಣ ಕೊಟ್ಟದ್ದು ಪ್ರೇಸಿಯೋಡಿಮಿಯಂ ಆಯಿತು. ಇನ್ನೊಂದು ಹೊಸ ಅವಳಿ, ನಿಯೋಡಿಮಿಯಂ. ಪಾಪ, ಅದರ ಲವಣಗಳ ಚೆಂದದ ನಸುನೇರಿಳೆಗೆ ಹೆಸರಿನಲ್ಲಿ ಜಾಗವೇ ಸಿಗಲಿಲ್ಲ.

ನಾಲ್ಕನೆಯದು ಬೆಂಕಿ. ಧಾತುವನ್ನು ಜ್ವಾಲೆಗೆ ಹಿಡಿದು, ಆ ಬೆಳಕನ್ನು ಪ್ರಿಸಂನಲ್ಲಿ ಹಾಯಿಸಿದರೆ ಬಣ್ಣದ ಗೆರೆಗಳು ಕಾಣುತ್ತವೆ. ಕನ್ನಡದಲ್ಲಿ ಇದಕ್ಕೆ ರೋಹಿತ ಎನ್ನುತ್ತೇವೆ. ಸಂಸ್ಕೃತದಲ್ಲಿ ರೋಹಿತ ಎಂದರೆ ಕೆಂಪು, ಅದೂ ರುಧಿರದ ಬಳಗವೇ! 1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಒಂದು ಚಿಲುಮೆಯ ಖನಿಜ ನೀರನ್ನು ಬತ್ತಿಸಿ ನೋಡಿದಾಗ ಎರಡು ಆಕಾಶನೀಲಿ ಗೆರೆಗಳು ಕಂಡವು. ಅದಕ್ಕೆ ಲ್ಯಾಟಿನ್ನಿನ ಸೀಸಿಯಸ್‌ನಿಂದ ಸೀಸಿಯಂ ಎಂದರು. ಕೆಲವೇ ಗ್ರಾಂ ಲವಣಕ್ಕೆ 40 ಸಾವಿರ ಲೀಟರಿಗೂ ಹೆಚ್ಚು ನೀರು ಕಾಯಿಸಬೇಕಾಯಿತು. ಮರುವರ್ಷ ಅವರೇ ಕಡುಗೆಂಪು ಗೆರೆಗಳ ರುಬಿಡಿಯಂ ಕಂಡರು. ಅದೇ 1861ರಲ್ಲಿ ವಿಲಿಯಂ ಕ್ರೂಕ್ಸ್‌ಗೆ ಒಂದು ಎಳೆಹಸಿರು ಗೆರೆ ಸಿಕ್ಕಿತು. ಗ್ರೀಕಿನ ಥಾಲೋಸ್, ಅಂದರೆ ಹಸಿರು ಚಿಗುರು. ಅಲ್ಲಿಂದ ಥಾಲಿಯಂ. ಇಷ್ಟು ಮುದ್ದಾದ ಹೆಸರಿನ ಈ ಲೋಹ ಘೋರ ವಿಷ.

1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫರ್ಡಿನಾಂಡ್ ರೈಶ್ ಸತುವಿನ ಅದಿರಿನಲ್ಲಿ ಇದೇ ಥಾಲಿಯಂ ಹುಡುಕುತ್ತಿದ್ದರು. ಅವರಿಗೆ ಬಣ್ಣಗುರುಡು. ಹಸಿರು ಗೆರೆ ಬಂದರೂ ಗೊತ್ತಾಗುವಂತಿರಲಿಲ್ಲ. ಹಾಗಾಗಿ ರೋಹಿತ ನೋಡುವ ಕೆಲಸ ಥಿಯೋಡೋರ್ ರಿಕ್ಟರ್‌ಗೆ ಬಂತು. ರಿಕ್ಟರ್‌ಗೆ ಕಂಡದ್ದು ಹಸಿರಲ್ಲ, ಯಾರೂ ನೋಡಿರದ ಇಂಡಿಗೋ ಗೆರೆ. ಹೀಗೆ ಇಂಡಿಯಂ ಹುಟ್ಟಿತು. ಇಂಡಿಗೋ ಎಂಬ ಪದವೋ, ಇಂಡಿಯಾದಿಂದ ಬಂದ ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಇಳಿದದ್ದು. ನಮ್ಮ ನೀಲಿ ಗಿಡದ ನೆರಳು ಧಾತುಗಳ ಕೋಷ್ಟಕದಲ್ಲೂ ಇದೆ. ಲೋಹ ಮಾತ್ರ ಮೆತ್ತಗಿನ ಬೆಳ್ಳಿ ಬಣ್ಣದ್ದು.

ಹಂತ 5: ಶುದ್ಧ ಧಾತುವಿನ ಬಣ್ಣ ಊಹಿಸಿ

ಇದು ಸುಲಭ. ಲೋಹ ಎಂದ ತಕ್ಷಣ ಬೆಳ್ಳಿ ಬಣ್ಣ ಅಥವಾ ಬೂದು ಎಂದುಬಿಡಿ. ತಪ್ಪುವುದು ಮುಖ್ಯವಾಗಿ ಮೂರು ಕಡೆ. ತಾಮ್ರ ಕೆಂಪು, ಚಿನ್ನ ಹಳದಿ, ಸೀಸಿಯಂ ನಸು ಹೊನ್ನು. ಚಿನ್ನ ಬೆಳಕಿನ ನೀಲಿ ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ, ಅದಕ್ಕೇ ಹಳದಿ. ಸೀಸಿಯಂ ತಮಾಷೆ ನೋಡಿ. ಹೆಸರಿನಲ್ಲಿ ಆಕಾಶನೀಲಿ, ಮೈ ಹೊಂಬಣ್ಣ. 28.5 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹೊನ್ನಿನ ದ್ರವವೂ ಆಗುತ್ತದೆ.

ಅಲೋಹಗಳಿಗೆ ಹೀಗೆ ಒಂದೇ ಮಾತು ಸಾಲದು. ಗಂಧಕ ಹಳದಿ, ಬ್ರೋಮಿನ್ ಕೆಂಪು ಕಂದು ದ್ರವ. ರಂಜಕಕ್ಕೆ ಬಿಳಿ, ಕೆಂಪು, ಕಪ್ಪು ರೂಪಗಳಿವೆ. ಇಂಗಾಲ ಇದ್ದಿಲಾಗಿ ಕಪ್ಪು, ವಜ್ರವಾಗಿ ಪಾರದರ್ಶಕ. ಆಮ್ಲಜನಕ ಅನಿಲವಾಗಿದ್ದಾಗ ಬಣ್ಣವಿಲ್ಲ, ದ್ರವವಾದರೆ ತಿಳಿನೀಲಿ.

ಒಂದು ಎಚ್ಚರಿಕೆ. ಕ್ಲೋರಿನ್, ಬ್ರೋಮಿನ್, ಅಯೋಡಿನ್ ಆವಿ ಯಾವುದನ್ನೂ ಸುಮ್ನೆ ನೋಡೋಣ ಎಂದು ಮನೆಯಲ್ಲಿ ಮಾಡಹೋಗಬೇಡಿ. ಶ್ವಾಸಕೋಶ ಸುಟ್ಟುಹೋಗುತ್ತದೆ. ಒಲೆಯ ನೀಲಿ ಜ್ವಾಲೆಗೆ ಒಂದೆರಡು ಹರಳು ಅಡುಗೆ ಉಪ್ಪು ಬಿದ್ದಾಗ ಬರುವ ಹಳದಿ ಸಾಕು. ಅದು ಸೋಡಿಯಂ ಬೆಳಕು.

ಹಂತ 6: ಬಣ್ಣ ಬದಲಾಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯಿರಿ

ಒಂದೇ ಧಾತು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂಬುದರ ಮೇಲೆ ಬಣ್ಣ ಬೇರೆಯಾಗುತ್ತದೆ. ವನೇಡಿಯಂ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ನೀರಿನಲ್ಲಿ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ನೇರಿಳೆ, ಮೂರಾದರೆ ಹಸಿರು, ನಾಲ್ಕಾದರೆ ನೀಲಿ, ಐದಾದರೆ ಹಳದಿ. ಇದನ್ನು 1801ರಲ್ಲಿ ಮೆಕ್ಸಿಕೋದಲ್ಲಿ ಮೊದಲು ಕಂಡ ಡೆಲ್ ರಿಯೋ, ಎಲ್ಲ ಬಣ್ಣವೂ ಇದೆ ಎಂದು ಪ್ಯಾನ್‌ಕ್ರೋಮಿಯಂ ಎಂದರು. ಆಮೇಲೆ ಲವಣಗಳು ಕಾದಾಗ ಕೆಂಪಾದವು ಎಂದು ಎರಿತ್ರೋನಿಯಂ ಮಾಡಿದರು. ಇದು ಬರೀ ಕ್ರೋಮಿಯಂ ಎಂದು ಬೇರೆಯವರು ಹೇಳಿದ್ದನ್ನು ನಂಬಿ, ತಮ್ಮ ಶೋಧವನ್ನು ತಾವೇ ಕೈಬಿಟ್ಟರು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರಮ್ ಅದನ್ನೇ ಮತ್ತೆ ಕಂಡು ಸೌಂದರ್ಯದ ದೇವತೆ ವನಾಡಿಸ್ ಹೆಸರಿಟ್ಟರು. ನನಗಂತೂ ಎರಿತ್ರೋನಿಯಂ ಉಳಿಯದೇ ಇದ್ದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ನಾಲ್ಕು ಬಣ್ಣದ ಧಾತುವಿಗೆ ಕೆಂಪಮ್ಮ ಎಂದು ಕರೆದರೆ ಹೇಗೆ?

ಬಣ್ಣ ನೋಡಿ ಹೆಸರಿಡುವ ಚಟ ಒಮ್ಮೆ ಪೂರ್ತಿ ಕೈಕೊಟ್ಟದ್ದೂ ಇದೆ. 1852ರಲ್ಲಿ ಎಡ್ಮಂಡ್ ಫ್ರೆಮಿ ಕೋಬಾಲ್ಟ್ ಮತ್ತು ಅಮೋನಿಯಾ ಸೇರಿದ ಲವಣಗಳಿಗೆ ಬಣ್ಣದ ಹೆಸರು ಕೊಟ್ಟರು. ಹಳದಿಯದು ಲೂಟಿಯೋ, ಊದಾ ಬಣ್ಣದ್ದು ಪರ್ಪ್ಯೂರಿಯೋ, ಹಸಿರಿನದು ಪ್ರೇಸಿಯೋ. ಚೆನ್ನಾಗಿಯೇ ನಡೆಯಿತು. ಆಮೇಲೆ ಇರಿಡಿಯಂನ ಅದೇ ರಚನೆಯ ಲವಣಕ್ಕೂ ಲೂಟಿಯೋ ಎಂದರು. ಅದು ಹಳದಿಯೇ ಆಗಿರಲಿಲ್ಲ! ಒಳಗಿನ ಜೋಡಣೆ ಹೇಗಿದೆ ಎಂದು 1893ರಲ್ಲಿ ಆಲ್ಫ್ರೆಡ್ ವರ್ನರ್ ವಿವರಿಸಿದ ಮೇಲೆ ಬಣ್ಣದ ಹೆಸರುಗಳು ಮೂಲೆ ಸೇರಿದವು. ಆ ಕೆಲಸಕ್ಕೆ ಅವರಿಗೆ 1913ರ ನೊಬೆಲ್ ಬಂತು.

ಹಂತ 7: ಮೋಸದ ಪದಗಳಲ್ಲಿ ಕೈ ಪಳಗಿಸಿ

ಪೋಲಿಯೋ ಬೇರೆ, ಪಾಲಿ ಬೇರೆ. ಪಾಲಿ ಎಂದರೆ ಹಲವು. ಪೋಲಿಯೋ ಎಂದರೆ ಬೂದು, ಬೆನ್ನುಹುರಿಯ ಬೂದು ಭಾಗಕ್ಕೆ ತಗುಲುವ ರೋಗ. ಕ್ರೋಮೋ ಬಣ್ಣ, ಕ್ರೋನೋ ಕಾಲ. ಕ್ಲೋರೋ ಹಸಿರು, ಕೋಲೆ ಪಿತ್ತ, ಕೊಲೆಸ್ಟರಾಲ್‌ನಲ್ಲಿ ಇರುವುದು ಎರಡನೆಯದು. ಆರಿಕಲ್‌ನ ಆರ್ ಚಿನ್ನವಲ್ಲ, ಕಿವಿ. ಕನ್ನಡದ ಹೃತ್ಕರ್ಣ ಅದನ್ನು ಸರಿಯಾಗಿ ಹಿಡಿದಿದೆ. ಕೋಬಾಲ್ಟ್ ಎಂದರೆ ನೀಲಿ ಎಂದುಕೊಂಡವರು ಬಹಳ. ಅದು ಗಣಿಯಲ್ಲಿ ಕಾಟ ಕೊಡುವ ದೆವ್ವದ ಹೆಸರು. ಬ್ರೋಮಿನ್ ಹೆಸರಿನಲ್ಲಿ ಬಣ್ಣವಿಲ್ಲ, ದುರ್ನಾತ ಇದೆ.

ಈಗ ನಿಮ್ಮ ಸರದಿ. ಎರಿತ್ರೋಮೈಸಿನ್ ತಗೊಳ್ಳಿ. ಕೆಂಪು ಎನ್ನುತ್ತದೆ ಹೆಸರು. ಔಷಧದ ಪುಡಿ ಬಿಳಿ. ಹಾಗಾದರೆ ಕೆಂಪು ಎಲ್ಲಿ? ಅದನ್ನು ತಯಾರಿಸುವ ಸೂಕ್ಷ್ಮಜೀವಿಯ ಹಳೆಯ ಹೆಸರಿನಲ್ಲಿ, ಎರಿತ್ರಿಯಸ್. ಮುಂದಿನದು ಮೆಲಟೋನಿನ್. ನಿದ್ದೆಯ ಹಾರ್ಮೋನಿಗೂ ಕಪ್ಪಿಗೂ ಏನು? 1958ರಲ್ಲಿ ಆರನ್ ಲರ್ನರ್ ಅದನ್ನು ಬೇರ್ಪಡಿಸಿದಾಗ ನೋಡುತ್ತಿದ್ದದ್ದು ಕಪ್ಪೆಯ ಚರ್ಮದ ಮೆಲನಿನ್ ಮೇಲಿನ ಪರಿಣಾಮವನ್ನು. ಚರ್ಮ ಕಪ್ಪಾಗಲಿಲ್ಲ, ತಿಳಿಯಾಯಿತು.

ಮೂರನೆಯದಕ್ಕೆ ನಿಮ್ಮ ಮೊಣಕಾಲೇ ಪ್ರಯೋಗಶಾಲೆ. ಪೆಟ್ಟು ಬಿದ್ದು ಹೆಪ್ಪುಗಟ್ಟಿದ ಜಾಗ ಕೆಲವು ದಿನಗಳಲ್ಲಿ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ. ಹಸಿರು ಬಿಲಿವರ್ಡಿನ್, ಹೆಸರಿಗೆ ಸರಿಯಾಗಿ ಹಸಿರು. ಹಳದಿ ಬಿಲಿರುಬಿನ್. ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡುವುದೂ ಅದೇ. ಆದರೆ ರುಬಿನ್ ಎಂದರೆ ಕೆಂಪಲ್ಲವೇ? ಶುದ್ಧ ಮಾಡಿ ಹರಳು ಕಟ್ಟಿಸಿದರೆ ಅದು ಕಿತ್ತಳೆ ಕೆಂಪು.

ಕೊನೆಯದು ಸ್ವಲ್ಪ ಕಿಲಾಡಿ. ರೋಡೋಕ್ರೋಸೈಟ್ ಎಂಬ ಖನಿಜ. ಹೆಸರು ಓದಿದರೆ ರೋಡಿಯಂ ಮತ್ತು ಕ್ರೋಮಿಯಂ ಕೈಕೈ ಹಿಡಿದು ನಿಂತಂತಿದೆ. ಹಾಳೆಯ ಮೇಲ್ತುದಿಯ ಸಾಲು ನೋಡಿ, ಆಮೇಲೆ ಉತ್ತರ ಬರೆಯಿರಿ. ರೋಡೋ ಗುಲಾಬಿ, ಕ್ರೋಸ್ ಬಣ್ಣ. ಅದು ಗುಲಾಬಿ ಬಣ್ಣದ ಮ್ಯಾಂಗನೀಸ್ ಕಾರ್ಬೊನೇಟ್. ರೋಡಿಯಮ್ಮೂ ಬೇಕಿಲ್ಲ, ಕ್ರೋಮಿಯಮ್ಮೂ ಬೇಕಿಲ್ಲ.